ಹೊಸ ತೋಟಾದ ಹಳೆಯ ಸುಳ್ಳು

ನಂಜನಗೂಡಿನಲ್ಲೋ ತಿ. ನರಸೀಪುರದಲ್ಲೋ ಯಾವುದಾದರೂ ಹೋಟೆಲಿನ ಬೆಂಚಿನ ಮೇಲೆ ಕೂತು ಚಿರತೆಯ ಮಾತು ತೆಗೆದು ನೋಡಿ. ಎರಡು ನಿಮಿಷದಲ್ಲಿ ಕೋವಿಯ ಮಾತು ಬರುತ್ತದೆ. ಇನ್ನೆರಡು ನಿಮಿಷಕ್ಕೆ ತೀರ್ಪೂ ಹೊರಬೀಳುತ್ತದೆ: ಅರಣ್ಯ ಇಲಾಖೆಯವರ ಕೈಯಲ್ಲಿರುವುದು ಅಜ್ಜನ ಕಾಲದ ಕೋವಿ, ಹೊರದೇಶದಲ್ಲಿ ಈಗ ಎಂಥೆಂಥ ರೈಫಲ್ಲು, ಎಂಥೆಂಥ ತೋಟಾ ಬಂದಿವೆ, ಅಂಥದ್ದೊಂದು ತರಿಸಿಬಿಟ್ಟರೆ ಚಿರತೆಯೂ ಇಲ್ಲ, ಹಂದಿಯೂ ಇಲ್ಲ. ಮೊಬೈಲಿನಲ್ಲಿ ಸಾಕ್ಷಿಯೂ ಸಿದ್ಧವಿರುತ್ತದೆ. ಎಲ್ಲೋ ಅಮೆರಿಕದ ಬಯಲಿನಲ್ಲಿ ಒಬ್ಬ ನೆಲಕ್ಕೆ ಮಲಗಿಕೊಂಡು ಎಂಟುನೂರು ಮೀಟರ್ ದೂರದ ಕಬ್ಬಿಣದ ತಟ್ಟೆಯನ್ನು ಠಣ್ ಎನ್ನಿಸುತ್ತಾನೆ. ಬೆಂಚಿನ ಮೇಲಿದ್ದವರೆಲ್ಲ ತಲೆಯಾಡಿಸುತ್ತಾರೆ. ಓದಿದವರು, ಕೋವಿ ಲೈಸೆನ್ಸ್ ಇರುವವರು, ರೈಫಲ್ ಕ್ಲಬ್ಬಿಗೆ ಹೋಗುವವರು ಇದನ್ನೇ ಸ್ವಲ್ಪ ನಯವಾಗಿ ಹೇಳುತ್ತಾರೆ: ತಂತ್ರಜ್ಞಾನ ಮುಂದುವರಿದಿದೆ, ನಾವು ಹಿಂದುಳಿದಿದ್ದೇವೆ.

ಎದುರು ಮಾತಾಡುವವರು ಕಾಣುತ್ತಿಲ್ಲ. ಆದ್ದರಿಂದ ಇಲ್ಲಿ ಬರೆದೇಬಿಡುತ್ತೇನೆ. ಹೊಸ ಬೇಟೆ ತೋಟಾಗಳು ಹಳೆಯವನ್ನು ಮೀರಿಸಿವೆ ಎಂಬುದು ಬಹುಪಾಲು ಅಂಗಡಿಯವನ ಮಾತು. ಮೀರಿಸಿದ ಸ್ವಲ್ಪವೂ ನಮ್ಮ ಕಬ್ಬಿನ ಗದ್ದೆಯ ಅಂಚಿನಲ್ಲಿ ಕವಡೆ ಕಿಮ್ಮತ್ತಿಗೂ ಬಾರದು. ಅದಕ್ಕಿಂತ ಕೆಟ್ಟದ್ದೆಂದರೆ, ಈ ನಂಬಿಕೆ ನಿರಪಾಯದ ಹರಟೆಯಾಗಿ ಉಳಿದಿಲ್ಲ. ನಮ್ಮ ಊರುಗಳಲ್ಲಿ ಜನ ಸತ್ತದ್ದು ಯಾಕೆ ಎಂಬ ಪ್ರಶ್ನೆಯ ಬಾಯಿಗೆ ಅದು ಬೀಗ ಹಾಕಿದೆ.

ಲೆಕ್ಕದಿಂದಲೇ ಶುರು ಮಾಡೋಣ, ಯಾಕೆಂದರೆ ಹೊಸ ತೋಟಾದ ಭಕ್ತರು ಮೊದಲು ಹಿಡಿದುಕೊಳ್ಳುವುದು ಅಂಕಿಗಳನ್ನೇ. ಈಗ ಎಲ್ಲರ ಬಾಯಲ್ಲಿರುವ ಹೆಸರು 6.5 ಕ್ರೀಡ್‌ಮೂರ್. ಹಾರ್ನಡಿ ಕಂಪನಿ 2007ರಲ್ಲಿ ತಂದದ್ದು. ಸುಮಾರು ಒಂಬತ್ತು ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಹಾಕುತ್ತದೆ. ಒಳ್ಳೆಯ ತೋಟಾ, ಅನುಮಾನವಿಲ್ಲ. ಆದರೆ ಸ್ವೀಡನ್ನಿನ ಸೈನ್ಯಕ್ಕೆಂದು 1894ರಲ್ಲಿ ರೂಪುಗೊಂಡ 6.5×55 ತೋಟಾ ಹೆಚ್ಚುಕಡಿಮೆ ಅದೇ ತೂಕದ ಗುಂಡನ್ನು ಹೆಚ್ಚುಕಡಿಮೆ ಅದೇ ವೇಗದಲ್ಲಿ ಇವತ್ತಿಗೂ ಬಿಡುತ್ತದೆ. ನಡುವೆ ನೂರಾ ಹದಿಮೂರು ವರ್ಷ ಕಳೆದಿದೆ. ಈ ನೂರಾ ಹದಿಮೂರು ವರ್ಷದ ಪ್ರಗತಿ ಎಲ್ಲಿಗೆ ಹೋಯಿತು?

ಇನ್ನೂ ಹೊಸದು ಬೇಕೆ? 2022ರ 7 ಎಂಎಂ ಪಿಆರ್‌ಸಿ ತೆಗೆದುಕೊಳ್ಳಿ. ಹನ್ನೊಂದು ಗ್ರಾಂ ಚಿಲ್ಲರೆ ತೂಕದ ಗುಂಡಿಗೆ ಕಾರ್ಖಾನೆಯ ಪಟ್ಟಿ ಕೊಡುವ ವೇಗ ಸೆಕೆಂಡಿಗೆ ಸುಮಾರು 914 ಮೀಟರ್. 1962ರಲ್ಲಿ ಬಂದ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಅಷ್ಟೇ ತೂಕದ ಗುಂಡನ್ನು ಸುಮಾರು 872 ಮೀಟರ್ ವೇಗದಲ್ಲಿ ಬಿಡುತ್ತದೆ. ಅರವತ್ತು ವರ್ಷದ ಸಂಪಾದನೆ ನೂರಕ್ಕೆ ಐದು. ಅದೂ ಬಿಟ್ಟಿ ಬಂದದ್ದಲ್ಲ. ಹೆಚ್ಚು ಮದ್ದು, ಹೆಚ್ಚು ಒತ್ತಡ ಕೊಟ್ಟು ಕೊಂಡದ್ದು. 2025ರಲ್ಲಿ ಫೆಡರಲ್ ಕಂಪನಿ 7 ಎಂಎಂ ಬ್ಯಾಕ್‌ಕಂಟ್ರಿ ಎಂಬುದನ್ನು ತಂದಿತು. ಸಾಮಾನ್ಯ ಹಿತ್ತಾಳೆಯ ಕೇಸು ತಡೆಯದಷ್ಟು ಒತ್ತಡ ಬೇಕಾದ್ದರಿಂದ ಅದಕ್ಕೆ ಉಕ್ಕಿನ ಕೇಸು. ಗಿಡ್ಡ ನಳಿಗೆಯಿಂದಲೂ ಹಳೆಯ ಉದ್ದ ನಳಿಗೆಯ ವೇಗ ಪಡೆಯುವುದು ಅದರ ಸಾಧನೆ. ಅಂದರೆ ಎದುರಿಗಿರುವ ಪ್ರಾಣಿಗೆ ತಗಲುವುದು ಹಳೆಯ ಪೆಟ್ಟೇ, ಹೊರುವವನ ಭುಜಕ್ಕೆ ಮಾತ್ರ ಒಂದಿಷ್ಟು ಅನುಕೂಲ. ಹೆಸರಿಗೆ ಇದು ಕ್ರಾಂತಿ.

ಹಾಗಾದರೆ ದೂರದ ಗುರಿ ಈಗ ಸುಲಭವಾಗಿಲ್ಲವೇ ಎಂದು ಕೇಳುತ್ತಾರೆ. ಸುಲಭವಾಗಿದೆ. ಆದರೆ ಅದರ ಪುಣ್ಯವನ್ನು ತೋಟಾದ ಖಾತೆಗೆ ಬರೆದದ್ದೇ ಎರಡನೆಯ ಮೋಸ. ಉದ್ದನೆಯ, ಚೂಪು ಮೂತಿಯ ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ವೇಗ ಬೇಗ ಕಳೆದುಕೊಳ್ಳುವುದಿಲ್ಲ. ಅಂಥ ಗುಂಡು ಅಡ್ಡಾದಿಡ್ಡಿ ಹೋಗದೆ ಬುಗುರಿಯ ಹಾಗೆ ನೆಟ್ಟಗೆ ತಿರುಗುತ್ತಿರಬೇಕಾದರೆ ನಳಿಗೆಯ ಒಳಗೀರುಗಳ ತಿರುವು ಬಿಗಿಯಾಗಿರಬೇಕು. ಅಮೆರಿಕದ ಅನೇಕ ಹಳೆಯ ರೈಫಲ್‌ಗಳಲ್ಲಿ ತಿರುವು ಸಡಿಲವಾಗಿತ್ತು. ಹೊಸ ತೋಟಾಕ್ಕೆಂದು ಮಾಡಿದ ರೈಫಲ್‌ಗಳಲ್ಲಿ ಅದನ್ನು ಬಿಗಿ ಮಾಡಿದರು, ಉದ್ದ ಗುಂಡು ಕೂರುವಂತೆ ಜಾಗ ಬಿಟ್ಟರು. ಕೆಲಸ ಮಾಡಿದ್ದು ನಳಿಗೆ, ಹೆಸರು ಬಂದದ್ದು ತೋಟಾಕ್ಕೆ. ಆ ಸ್ವೀಡನ್ನಿನ ರೈಫಲ್ಲಿನ ನಳಿಗೆಯಲ್ಲಿ 1894ರಲ್ಲೇ ಪ್ರತಿ 200 ಮಿಲಿಮೀಟರಿಗೆ ಒಂದು ಸುತ್ತಿನ ಬಿಗಿ ತಿರುವು ಇತ್ತು. ಅದಕ್ಕೇ ಅದು ಇನ್ನೂ ಮುದಿಯಾಗಿಲ್ಲ.

ಉಳಿದ ಪುಣ್ಯ ಗುಂಡಿನ ಒಳರಚನೆಯದು. ಜಾನ್ ನಾಸ್ಲರ್ ತನ್ನ ಹೆಸರಿನ, ಒಳಗೆ ಅಡ್ಡಗೋಡೆಯಿರುವ ಗುಂಡನ್ನು ಮಾರಾಟಕ್ಕೆ ತಂದದ್ದು 1948ರಲ್ಲಿ. ಮುಂಭಾಗ ಅರಳುತ್ತದೆ, ಹಿಂಭಾಗ ಉಳಿದುಕೊಂಡು ಆಳಕ್ಕೆ ಇಳಿಯುತ್ತದೆ. ಆಮೇಲೆ ಸೀಸವನ್ನು ಹೊದಿಕೆಗೆ ಬೆಸೆದ ಗುಂಡುಗಳು, ಪೂರ್ತಿ ತಾಮ್ರದ ಗುಂಡುಗಳು ಬಂದವು. ಇವು ನಿಜವಾದ ಸುಧಾರಣೆ. ಆದರೆ ಈ ಗುಂಡನ್ನು 1906ರ .30-06 ತೋಟಾದಲ್ಲಿ ಕೂರಿಸಿದರೂ ಅಷ್ಟೇ ಕೆಲಸ ಮಾಡುತ್ತದೆ. ದುರ್ಬೀನು, ದೂರ ಅಳೆಯುವ ಲೇಸರ್, ದೇಹದ ಬಿಸಿ ಕಾಣಿಸುವ ಥರ್ಮಲ್ ಕ್ಯಾಮೆರಾ, ಇವುಗಳ ಮಾತೂ ಅದೇ. ಹಳೆಯ ರೈಫಲ್ಲಿಗೆ ಇವನ್ನೆಲ್ಲ ಕೊಟ್ಟು ನೋಡಿ. ಎಂಟುನೂರು ಮೀಟರಿನ ಕಬ್ಬಿಣದ ತಟ್ಟೆ ಅದಕ್ಕೂ ಠಣ್ ಎನ್ನುತ್ತದೆ. ಹಾಗೆ ತೋರಿಸಿದರೆ ಹೊಸ ರೈಫಲ್ ಯಾರು ಕೊಂಡಾರು?

ಕೊಳ್ಳಬೇಕು. ಅದೇ ಇಡೀ ಕಥೆಯ ತಿರುಳು. ರೈಫಲ್ ಎಂಬುದು ಬೇಗ ಸವೆಯದ ವಸ್ತು. ಎಣ್ಣೆ ಹಚ್ಚಿ ಇಟ್ಟುಕೊಂಡರೆ ಮೊಮ್ಮಗನ ಕಾಲಕ್ಕೂ ಈಡು ಹಾರಿಸುತ್ತದೆ. ಇಂಥ ವಸ್ತು ಮಾರುವ ವ್ಯಾಪಾರಿಗೆ ಶತ್ರು ಯಾರು? ಸಂತೃಪ್ತ ಗಿರಾಕಿ. ಅವನ ತೃಪ್ತಿ ಕೆಡಿಸಲು ಎರಡು-ಮೂರು ವರ್ಷಕ್ಕೊಮ್ಮೆ ಹೊಸ ತೋಟಾ ಹುಟ್ಟಬೇಕು. ಹೊಸ ತೋಟಾ ಹಳೆಯ ನಳಿಗೆಗೆ ಕೂರುವುದಿಲ್ಲವಾದ್ದರಿಂದ ಹೊಸ ರೈಫಲ್ಲೂ ಜೊತೆಗೆ ಬರುತ್ತದೆ. 2001ರ ಸುಮಾರಿಗೆ ಗಿಡ್ಡ ಮ್ಯಾಗ್ನಮ್‌ಗಳ ಜಾತ್ರೆ ಶುರುವಾಯಿತು. ವಿಂಚೆಸ್ಟರ್ ಒಂದು ಸರಣಿ ತಂದರೆ ರೆಮಿಂಗ್ಟನ್ ಇನ್ನೊಂದು ತಂದಿತು. 2003ರಲ್ಲಿ ವಿಂಚೆಸ್ಟರ್ ಅದಕ್ಕೂ ಗಿಡ್ಡದಾದ ಸೂಪರ್ ಶಾರ್ಟ್ ತಂದಿತು. ಪತ್ರಿಕೆಗಳು ಪುಟಗಟ್ಟಲೆ ಹೊಗಳಿದವು. ಆ ಸೂಪರ್ ಶಾರ್ಟ್‌ಗಳನ್ನು ಇವತ್ತು ಕೇಳುವವರಿಲ್ಲ. ಅವನ್ನು ನಂಬಿ ರೈಫಲ್ ಕೊಂಡವನು ತೋಟಾಕ್ಕಾಗಿ ಅಂಗಡಿ ಅಂಗಡಿ ಅಲೆಯುತ್ತಾನೆ. ಕ್ರೀಡ್‌ಮೂರ್‌ಗೆ ತಾಯಿಬೇರಾದ .30 ಟಿಸಿ ಎಂಬ ತೋಟಾವೂ ಅದೇ 2007ರದ್ದು. ಮಗು ಬೆಳೆಯಿತು, ತಾಯಿಯ ಹೆಸರು ಯಾರಿಗೂ ನೆನಪಿಲ್ಲ. ಸತ್ತ ತೋಟಾಗಳ ಈ ಸ್ಮಶಾನವನ್ನು ಯಾವ ಜಾಹೀರಾತೂ ತೋರಿಸುವುದಿಲ್ಲ.

ಹೊಸ ತೋಟಾ ಹುಟ್ಟುವುದಕ್ಕೆ ಸಾಮರ್ಥ್ಯವೇ ಕಾರಣ ಎಂದು ನಂಬುವವರು ನಮ್ಮ ದೇಶದ ಇತಿಹಾಸವನ್ನಾದರೂ ತಿರುವಿ ಹಾಕಬೇಕಿತ್ತು. 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ .450 ಬೋರಿನ ರೈಫಲ್‌ಗಳನ್ನು ನಿಷೇಧಿಸಿತು. ಆ ಅಳತೆಯ ಗುಂಡು ಬಂಡುಕೋರರ ಕೈಯಲ್ಲಿದ್ದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳಿಗೆ ಒದಗೀತು ಎಂಬ ಭಯ ಅದಕ್ಕೆ. ಕೂಡಲೇ ಇಂಗ್ಲೆಂಡಿನ ಕೋವಿ ತಯಾರಕರು .465, .470, .475 ಎಂದು ಸಾಲುಸಾಲು ಹೊಸ ತೋಟಾ ತಂದರು. ಹಳೆಯ .450 ಮಾಡುತ್ತಿದ್ದ ಕೆಲಸವನ್ನೇ ಇವೂ ಮಾಡಿದವು. ವೇಗವೂ ಅಷ್ಟೇ, ಪೆಟ್ಟೂ ಬಹುಮಟ್ಟಿಗೆ ಅಷ್ಟೇ. ಬದಲಾದದ್ದು ಕಾನೂನಿನ ಕಣ್ಣು ತಪ್ಪಿಸುವ ಕೆಲವು ಕೂದಲೆಳೆಯಷ್ಟು ಅಗಲ. ನಮ್ಮ ಆರ್ಡನೆನ್ಸ್ ಕಾರ್ಖಾನೆಯ .315 ಬೋರಿನ ಜನ್ಮವೃತ್ತಾಂತವೂ ಬೇರೆಯಲ್ಲ, ಸೈನ್ಯದ .303 ನಾಗರಿಕರಿಗೆ ಸಿಗಬಾರದು ಎಂದು ಹುಟ್ಟಿದ ಬದಲಿ ಅದು. ಒಂದು ಕಾಲದಲ್ಲಿ ಕಾನೂನಿನ ಭಯಕ್ಕೆ ತೋಟಾ ಹುಟ್ಟಿದವು, ಈಗ ವ್ಯಾಪಾರದ ಆಸೆಗೆ ಹುಟ್ಟುತ್ತಿವೆ. ಪ್ರಾಣಿಯ ಚರ್ಮ ದಪ್ಪವಾಯಿತೆಂದು ಹುಟ್ಟಿದ್ದು ಯಾವುದು?

ಇನ್ನು ಬೇಟೆಗಾರರ ಸಾಕ್ಷ್ಯ. ಕೆನೆತ್ ಆಂಡರ್ಸನ್‌ನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ ನರಭಕ್ಷಕ ಎಂದರೆ ಏನು ಎಂಬುದು ನಮ್ಮ ಮನೆಮನೆಗೆ ಗೊತ್ತಾಯಿತು. ಬೆಂಗಳೂರಿನ ಆ ಬೇಟೆಗಾರನ ಭುಜದ ಮೇಲಿದ್ದದ್ದು .405 ವಿಂಚೆಸ್ಟರ್. 1904ರ ತೋಟಾ, ಇಂದಿನ ಪಟ್ಟಿಗಳ ಎದುರು ನಿಧಾನದ ಹೋರಿ. ಆಂಡರ್ಸನ್ ಗೆದ್ದದ್ದು ಹೆಜ್ಜೆ ಓದುವುದರಿಂದ, ರಾತ್ರಿಗಟ್ಟಲೆ ಅಲುಗಾಡದೆ ಕೂರುವುದರಿಂದ, ಊರವರ ಮಾತನ್ನು ಕಿವಿಗೊಟ್ಟು ಕೇಳುವುದರಿಂದ. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು .275 ರಿಗ್ಬಿ ರೈಫಲ್ಲಿನಿಂದ. ಜರ್ಮನಿಯ ಮೌಸರ್ ಕಂಪನಿ 1890ರ ದಶಕದಲ್ಲಿ ಮಾಡಿದ 7×57 ತೋಟಾಕ್ಕೆ ಇಂಗ್ಲಿಷರು ಇಟ್ಟ ಹೆಸರು ಅದು. ಅದೇ ತೋಟಾವನ್ನೇ ಹೆಚ್ಚಾಗಿ ಬಳಸಿ ಡಬ್ಲ್ಯೂ. ಡಿ. ಎಂ. ಬೆಲ್ ಎಂಬ ಸ್ಕಾಟ್ಲೆಂಡಿನವನು ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಆ ಕೊಲೆಗೆ ಚಪ್ಪಾಳೆ ಬೇಡ. ಆದರೆ ತೋಟಾ ಸಾಲದು ಎನ್ನುವವರ ಬಾಯಿ ಮುಚ್ಚಿಸಲು ಆ ಲೆಕ್ಕ ಸಾಕು.

ರುದ್ರಪ್ರಯಾಗದ ಕಥೆಯಲ್ಲಿ ನಮ್ಮ ಎರಡು ತಾಲ್ಲೂಕುಗಳಿಗೆ ನೇರವಾಗಿ ತಗಲುವ ಇನ್ನೊಂದು ಸಂಗತಿ ಇದೆ. ಎಂಟು ವರ್ಷ ಆ ಚಿರತೆ ಗಢವಾಲವನ್ನು ನಡುಗಿಸಿತು. ಸರ್ಕಾರಿ ಲೆಕ್ಕಕ್ಕೆ ಸಿಕ್ಕ ಸಾವುಗಳೇ 125. ಆಗಲೂ ಜನರ ಬೇಡಿಕೆ ಕೋವಿಯೇ. ಆಗಲೇ ಇದ್ದ ನಾಲ್ಕು ಸಾವಿರದಷ್ಟು ಲೈಸೆನ್ಸಿನ ಜೊತೆಗೆ ಸರ್ಕಾರ ಮುನ್ನೂರು ವಿಶೇಷ ಲೈಸೆನ್ಸ್ ಕೊಟ್ಟಿತು, ರಜೆಗೆ ಬರುವ ಸೈನಿಕರು ರೈಫಲ್ ಜೊತೆಗೆ ತರಲಿ ಎಂದಿತು. ಇದನ್ನು ಕಾರ್ಬೆಟ್ಟನೇ ಬರೆದಿದ್ದಾನೆ. ಇಷ್ಟು ಕೋವಿ ಸುತ್ತಲೂ ಇದ್ದರೂ ಚಿರತೆ ಬಾಗಿಲು ತಳ್ಳಿ ಜನರನ್ನು ಎಳೆದೊಯ್ಯುತ್ತಲೇ ಇತ್ತು. ಕೊನೆಗೆ ಅದನ್ನು ಮುಗಿಸಿದ್ದು ಮಾವಿನ ಮರದ ಮೇಲೆ ರಾತ್ರಿಯ ಮೇಲೆ ರಾತ್ರಿ ಕೂತ ಒಬ್ಬ ಮನುಷ್ಯನ ಸಹನೆ, ಒಂದು ಟಾರ್ಚು, ಒಂದು ಆಡು.

ಸರ್ಕಾರಕ್ಕೂ ಇದು ಗೊತ್ತಿದೆ. ನರಭಕ್ಷಕವಾದ ಹುಲಿಯನ್ನು ಕೊಲ್ಲಲೇಬೇಕಾಗಿ ಬಂದರೆ ಹೇಗೆ ಎಂಬುದಕ್ಕೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಕಾರ್ಯವಿಧಾನವೇ ಇದೆ. ನುರಿತ ಇಲಾಖಾ ಸಿಬ್ಬಂದಿಯ ಕೈಗೆ .375 ಮ್ಯಾಗ್ನಮ್‌ಗಿಂತ ಕಡಿಮೆಯಿಲ್ಲದ ಬೋರಿನ ಕೋವಿ ಕೊಡಿ ಎನ್ನುತ್ತದೆ ಅದು. .375 ಮ್ಯಾಗ್ನಮ್ಮನ್ನು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ತಂದದ್ದು 1912ರಲ್ಲಿ. ಟೈಟಾನಿಕ್ ಮುಳುಗಿದ ವರ್ಷದ ತೋಟಾವನ್ನು ಈ ದೇಶದ ಹುಲಿ ಪ್ರಾಧಿಕಾರ ಇಂದಿಗೂ ಅಳತೆಗೋಲು ಮಾಡಿಕೊಂಡಿದೆ. ಅಜ್ಜನ ಕಾಲದ ಕೋವಿ ಎಂದು ಮೂಗು ಮುರಿಯುವವರು ಇದಕ್ಕೆ ಏನು ಹೇಳುತ್ತಾರೆ?

ಈಗ ನಮ್ಮ ಊರಿಗೆ ಬನ್ನಿ. 2022ರ ಅಕ್ಟೋಬರ್ 31ರಂದು ತಿ. ನರಸೀಪುರ ತಾಲ್ಲೂಕಿನ ಉಕ್ಕಲಗೆರೆಯ ಮಲ್ಲಪ್ಪನ ಬೆಟ್ಟದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಚಿರತೆ ಕೊಂದಿತು. ಡಿಸೆಂಬರ್ 1ರಂದು ಎಸ್. ಕೆಬ್ಬೆಹುಂಡಿಯಲ್ಲಿ ಮನೆಯ ಹಿಂದಕ್ಕೆ ಹೋದ ಕಾಲೇಜು ಹುಡುಗಿ ಸತ್ತಳು. 2023ರ ಜನವರಿ 20ರಂದು ಕನ್ನಾಯಕನಹಳ್ಳಿಯಲ್ಲಿ ಸೌದೆ ತರಲು ಹೋದ ವೃದ್ಧೆ. ಮರುದಿನ ಹೊರಳಹಳ್ಳಿಯಲ್ಲಿ ಅಂಗಡಿಗೆ ಹೋಗಿದ್ದ ಹನ್ನೊಂದು ವರ್ಷದ ಹುಡುಗ. ಮೂರು ತಿಂಗಳೊಳಗೆ ನಾಲ್ಕು ಜೀವ. ಇವರಲ್ಲಿ ಯಾರೂ ದೂರದ ಕಾಡಿಗೆ ಹೋದವರಲ್ಲ. ಒಬ್ಬ ದೇವರ ಬೆಟ್ಟದಲ್ಲಿದ್ದ. ಉಳಿದ ಮೂವರು ತಮ್ಮ ಮನೆ, ಬೀದಿ, ಹೊಲದ ಆಸುಪಾಸಿನಲ್ಲಿದ್ದರು. ಇಲ್ಲಿ ಎಂಟುನೂರು ಮೀಟರ್ ಎಲ್ಲಿದೆ? ಕಬ್ಬಿನ ಸಾಲಿನೊಳಗೆ ಹಗಲಲ್ಲೇ ಹತ್ತು ಅಡಿ ಆಚೆಗೆ ಏನೂ ಕಾಣುವುದಿಲ್ಲ. ಚಿರತೆ ಹೊರಗೆ ಬರುವುದು ಕತ್ತಲಾದ ಮೇಲೆ. ಕಾಣಿಸುವುದು ಒಂದು ಕ್ಷಣ, ಐವತ್ತು ಮೀಟರ್ ಒಳಗೆ.

ಆ ಐವತ್ತು ಮೀಟರಿನಲ್ಲೇ ಹಳೆಯದನ್ನೂ ಹೊಸದನ್ನೂ ಎದುರುಬದುರು ನಿಲ್ಲಿಸೋಣ. ಸೆಕೆಂಡಿಗೆ 823 ಮೀಟರ್ ವೇಗದ ಹಳೆಯ .30-06 ಗುಂಡು ಅಷ್ಟು ದೂರ ಹೋಗಲು ತೆಗೆದುಕೊಳ್ಳುವ ಸಮಯ, ಗಾಳಿಯ ತಡೆ ಬದಿಗಿಟ್ಟರೆ, ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ 61. ಆಗ ಗುಂಡು ನೆಲದ ಸೆಳೆತಕ್ಕೆ ಕೆಳಗಿಳಿಯುವುದು 1.8 ಸೆಂಟಿಮೀಟರ್. 914 ಮೀಟರ್ ವೇಗದ ಹೊಸ ಪಿಆರ್‌ಸಿ ಗುಂಡಿಗೆ 55 ಭಾಗ ಸಮಯ, 1.5 ಸೆಂಟಿಮೀಟರ್ ಇಳಿತ. ಎರಡರ ನಡುವಿನ ಅಂತರ ಮೂರು-ನಾಲ್ಕು ಮಿಲಿಮೀಟರ್. ಚಿರತೆಯ ಹೃದಯ, ಶ್ವಾಸಕೋಶಗಳ ಜಾಗ ಒಂದು ಸಣ್ಣ ತಟ್ಟೆಯಷ್ಟಾದರೂ ಇರುತ್ತದೆ. ಕತ್ತಲಲ್ಲಿ, ಹಿಂದೆ ನೂರು ಜನ ಕೂಗುತ್ತಿರುವಾಗ, ಕೈ ನಡುಗುವ ಗಾರ್ಡಿನ ಗುರಿ ಒಂದು ಮೊಳ ತಪ್ಪಬಹುದು. ಆ ಮೊಳವನ್ನು ಬಿಟ್ಟು ಈ ಮಿಲಿಮೀಟರನ್ನು ಸರಿಪಡಿಸಲು ಲಕ್ಷಗಟ್ಟಲೆ ಸುರಿಯಬೇಕೆ? ಇದು ಬುದ್ಧಿವಂತರ ಮಾತೇ?

ಇನ್ನೊಂದು ಅಪಾಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸ ಗುಂಡುಗಳ ಹೆಮ್ಮೆಯೇ ದೂರದವರೆಗೂ ವೇಗ ಉಳಿಸಿಕೊಳ್ಳುವುದು. ಗುರಿ ತಪ್ಪಿದ ಗುಂಡೂ ಹಾಗೆಯೇ ವೇಗ ಉಳಿಸಿಕೊಳ್ಳುತ್ತದೆ. ರೈಫಲ್ ಗುಂಡು ಮೂರು ಕಿಲೋಮೀಟರ್ ಮೀರಿಯೂ ಹಾರಬಲ್ಲದು. ಕಾವೇರಿ, ಕಪಿಲೆಯ ನಾಲೆಗಳು ಹರಿಯುವ ನಮ್ಮ ಬಯಲಿನಲ್ಲಿ ಯಾವ ದಿಕ್ಕಿಗೆ ಮೂರು ಕಿಲೋಮೀಟರ್ ನಡೆದರೂ ಒಂದು ಹುಂಡಿಯೋ ಹಳ್ಳಿಯೋ ಪಂಪ್‌ಸೆಟ್ಟಿನ ಬಳಿ ಕೂತ ರೈತನೋ ಸಿಗುತ್ತಾನೆ. ಗುಂಡನ್ನು ತಡೆಯಲು ಹಿಂದೆ ಗುಡ್ಡವಿಲ್ಲ, ದಿಬ್ಬವಿಲ್ಲ. ಮರುಭೂಮಿಯ ಬಯಲಿನಲ್ಲಿ ಗುಣವೆನಿಸಿದ್ದು ನರಸೀಪುರದಲ್ಲಿ ಕೊಲೆಗಡುಕ ದೋಷ. ಅಷ್ಟೇ ಅಲ್ಲ, ದೂರದಿಂದಲೂ ಬೀಳಿಸಬಹುದು ಎಂಬ ಭ್ರಮೆ ದೂರದ ಈಡಿಗೆ ಪ್ರೇರಣೆ ಕೊಡುತ್ತದೆ. ದೂರದ ಈಡು ಗಾಯ ಮಾಡುತ್ತದೆ. ಗಾಯಗೊಂಡ ಚಿರತೆ ಕಬ್ಬಿನೊಳಗೆ ನುಗ್ಗುತ್ತದೆ. ಮರುದಿನ ಬೆಳಗ್ಗೆ ಆ ಕಬ್ಬಿಗೆ ಯಾರು ಇಳಿಯುತ್ತಾರೆ? ವಿಡಿಯೊ ನೋಡಿ ತಲೆಯಾಡಿಸಿದವರಲ್ಲಿ ಒಬ್ಬರೂ ಇಳಿಯುವುದಿಲ್ಲ, ಕಡಿಯುವ ಕೂಲಿಯವರು ಇಳಿಯುತ್ತಾರೆ.

ಕಾನೂನಿನ ಕಡೆಯಿಂದ ನೋಡಿದರೆ ಈ ವಾದ ಇನ್ನೂ ಹಾಸ್ಯಾಸ್ಪದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹನ್ನೊಂದನೇ ಕಲಮಿನ ಪ್ರಕಾರ ಚಿರತೆಯಂಥ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಅದನ್ನು ಹಿಡಿಯಲು, ಮಂಪರು ಬರಿಸಲು, ಬೇರೆಡೆಗೆ ಸಾಗಿಸಲು ಸಾಧ್ಯವಿಲ್ಲ ಎಂಬುದು ಮನವರಿಕೆಯಾಗಿರಬೇಕು. ನಾಗರಿಕರು ಹೊರದೇಶದಿಂದ ಕೋವಿ ತರಿಸುವ ಬಾಗಿಲು 1980ರ ದಶಕದಲ್ಲೇ ಮುಚ್ಚಿತು. ಹೆಸರಾಂತ ಕ್ರೀಡಾ ಶೂಟರುಗಳಿಗೆ ಮಾತ್ರ ವಿನಾಯಿತಿ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ರೈತನ ಕೈಯಲ್ಲಿರುವುದು ಸಾಮಾನ್ಯವಾಗಿ ಒಂಟಿ ನಳಿಗೆಯ ಕೋವಿ, ಚರೆ ತೋಟಾ. ಚುನಾವಣೆ ಬಂತೆಂದರೆ ಅದೂ ಠಾಣೆಯಲ್ಲಿ ಠೇವಣಿ. ಹಂದಿ ಮಾತ್ರ ಚುನಾವಣೆ ನೋಡಿ ಬರುವುದಿಲ್ಲ. ಫಸಲು ತೂಗುವ ವಾರ ನೋಡಿ ಬರುತ್ತದೆ. ಈ ರೈತನ ಮುಂದೆ ಕ್ರೀಡ್‌ಮೂರೋ ಪಿಆರ್‌ಸಿಯೋ ಎಂದು ಚರ್ಚೆ ಮಾಡುವುದು ಹಸಿದವನಿಗೆ ಪಂಚತಾರಾ ಹೋಟೆಲಿನ ಮೆನು ಓದಿ ಹೇಳಿದ ಹಾಗೆ.

ಕೆಬ್ಬೆಹುಂಡಿಯ ಸಾವಿನ ಬೆನ್ನಿಗೇ ಚಿರತೆಯನ್ನು ಕಂಡಲ್ಲಿ ಗುಂಡಿಕ್ಕುವ ಆದೇಶ ಹೊರಬಿತ್ತು. ಅಂದರೆ ಅನುಮತಿ ಇತ್ತು, ಕೋವಿ ಇತ್ತು, ತೋಟಾ ಇತ್ತು. ಆದರೂ ಜನವರಿಯಲ್ಲಿ ಇನ್ನಿಬ್ಬರು ಸತ್ತರು. ಚಿರತೆಗಳು ಸಿಕ್ಕಿದ್ದು ಬೋನಿನಲ್ಲಿ. ಆಮೇಲೆ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರಚನೆಯಾಯಿತು. ಅದರ ಬಲ ಕ್ಯಾಮೆರಾ ಟ್ರ್ಯಾಪು, ಬೋನು, ಹೆಜ್ಜೆ ಹುಡುಕುವ ಸಿಬ್ಬಂದಿ, ಪಶುವೈದ್ಯರು. 2023ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಬಳ್ಳೂರುಹುಂಡಿ ಬಳಿ ಹುಲಿ ಒಬ್ಬ ಮಹಿಳೆಯನ್ನು ಕೊಂದಾಗಲೂ ಕೆಲವೇ ದಿನಗಳಲ್ಲಿ ಅದನ್ನು ಹಿಡಿದದ್ದು ಮಂಪರು ಚುಚ್ಚುಮದ್ದಿನಿಂದ. 2019ರ ಅಕ್ಟೋಬರಿನಲ್ಲಿ ಪಕ್ಕದ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿಯ ಕಡೆ ಜನರನ್ನು ಕೊಂದ ಹುಲಿಯನ್ನೂ ಹಾಗೇ ಜೀವಸಹಿತ ಹಿಡಿದರು. ಚುಚ್ಚುಮದ್ದಿನ ಕೋವಿ ಕೆಲಸ ಮಾಡುವುದು ಕೆಲವು ಹತ್ತು ಮೀಟರ್ ದೂರದಲ್ಲಿ ಮಾತ್ರ. ಅಂದರೆ ಪ್ರಾಣಿಯ ಹತ್ತಿರಕ್ಕೆ ಹೋಗಬಲ್ಲ ಮನುಷ್ಯರು ನಮ್ಮಲ್ಲಿ ಇದ್ದಾರೆ. ಅವರಿಗೆ ದೂರದ ತೋಟಾದ ಅಗತ್ಯ ಬಿದ್ದಿಲ್ಲ.

ಹಾಗಾದರೆ ತೋಟಾದ ಮಾತು ಯಾಕೆ ಇಷ್ಟು ಹಿತವಾಗಿ ಕೇಳಿಸುತ್ತದೆ? ಅದರಿಂದ ಯಾರಿಗೂ ನೋವಿಲ್ಲ, ಅದಕ್ಕೆ. ತಪ್ಪು ಕೋವಿಯದು ಎಂದುಬಿಟ್ಟರೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಿಲ್ಲ, ಯಾವ ಶಾಸಕನೂ ಎದ್ದು ನಿಲ್ಲಬೇಕಿಲ್ಲ, ಯಾವ ಪಂಚಾಯಿತಿಯೂ ಖರ್ಚಿನ ಪುಸ್ತಕ ತೆರೆಯಬೇಕಿಲ್ಲ. ರೈತ ರಾತ್ರಿ ಹೊಲಕ್ಕೆ ಹೋಗುವುದು ಯಾಕೆ? ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತದೆ ಎಂದು. ಇದನ್ನು ಹಗಲಿಗೆ ಕೊಡಿ ಎಂದು ರೈತರು ಎಷ್ಟು ಸಲ ಕೇಳಿಲ್ಲ? ಹಳ್ಳಿಯ ಕೊನೆಯ ಬೀದಿಯಲ್ಲಿ ದೀಪ ಇಲ್ಲದಿರುವುದು ಯಾಕೆ? ಕೋಳಿ ಅಂಗಡಿಯ ತ್ಯಾಜ್ಯವನ್ನು ಊರಾಚೆ ಸುರಿದು, ಅದಕ್ಕೆ ನಾಯಿ ಸೇರಿಸಿ, ನಾಯಿಗೆ ಚಿರತೆ ಸೇರಿಸುವವರು ಯಾರು? ನಂಜನಗೂಡಿನ ಅಳಗಂಚಿಯ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಆಲೆಮನೆಗಳವರೆಗೆ ಎಲ್ಲರಿಗೂ ಕಬ್ಬು ಬೇಕು. ವರ್ಷವಿಡೀ ನಿಲ್ಲುವ ಆ ಕಬ್ಬೇ ಚಿರತೆಗೆ ಮರಿಹಾಕುವ ಮನೆ. ಕಟಾವಿಗೆ ಮೊದಲು ಗದ್ದೆಯಲ್ಲಿ ಮರಿ ಇವೆಯೇ ಎಂದು ನೋಡುವ ವ್ಯವಸ್ಥೆ ಎಲ್ಲಿದೆ? ಮನೆಯಂಚಿನಿಂದ ಕಬ್ಬನ್ನು ಇಂತಿಷ್ಟು ದೂರ ಸರಿಸಿದ ರೈತನಿಗೆ ಆಗುವ ನಷ್ಟ ತುಂಬಿಕೊಡುವವರು ಯಾರು? ಇವುಗಳಲ್ಲಿ ಯಾವ ಪ್ರಶ್ನೆಗೂ ತೋಟಾದಲ್ಲಿ ಉತ್ತರವಿಲ್ಲ. ಅದಕ್ಕೇ ಎಲ್ಲರೂ ತೋಟಾದ ಮಾತಾಡುತ್ತಾರೆ.

ಹಾಗೆಂದು ಗಾರ್ಡುಗಳ ಕೈ ಬರಿದಾಗಲಿ ಎನ್ನುತ್ತಿಲ್ಲ. ಅವರಿಗೆ ಕೊಡಬೇಕಾದ್ದು ಬೇರೆ. ಇರುವ ರೈಫಲ್ಲಿನಲ್ಲೇ ವರ್ಷವಿಡೀ ಅಭ್ಯಾಸ ಮಾಡಲು ಸಾಕಷ್ಟು ತೋಟಾ ಕೊಡಿ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಹಬ್ಬಕ್ಕೆ ಒಂದು ಹಾರಿಸುವ ಪದ್ಧತಿ ಬಿಡಿ. ಕತ್ತಲಲ್ಲಿ, ಓಡಿ ಬಂದು ಏದುಸಿರು ಬಿಡುತ್ತ, ಐವತ್ತು ಮೀಟರಿಗೆ ಗುರಿ ಹಿಡಿಯುವುದನ್ನು ಕಲಿಸಿ. ಹೊಸ ರೈಫಲ್ಲು, ತೋಟಾದ ಬೆಲೆಯಲ್ಲಿ ಥರ್ಮಲ್ ಕ್ಯಾಮೆರಾ ಬರುತ್ತದೆ, ಬೋನು ಬರುತ್ತದೆ, ಅವನ್ನು ತನ್ನಿ. ಪ್ರತಿ ತಾಲ್ಲೂಕಿಗೂ ಮಂಪರು ಮದ್ದು ಬಲ್ಲ ಪಶುವೈದ್ಯರನ್ನು ನೇಮಿಸಿ. ಜನರ ಗುಂಪನ್ನು ದೂರ ಇಡುವುದು ಪೊಲೀಸರ ಕೆಲಸ ಎಂದು ಮೊದಲೇ ಬರೆದಿಡಿ, ಯಾಕೆಂದರೆ ಗುರಿ ತಪ್ಪಿಸುವುದರಲ್ಲಿ ಆ ಗುಂಪಿಗಿಂತ ಸಮರ್ಥ ಇನ್ನೊಂದಿಲ್ಲ.

ಶೂಟಿಂಗ್ ಹವ್ಯಾಸಿಗಳಿಗೆ ಒಂದು ಮಾತು. ಕ್ಲಬ್ಬಿನ ಗುರಿಹಲಗೆಯ ಮುಂದೆ ನಿಮಗೆ ಇಷ್ಟವಾದದ್ದನ್ನು ಹಾರಿಸಿ, ಬೇಡವೆನ್ನುವವರಿಲ್ಲ. ಆದರೆ ಆ ಹವ್ಯಾಸದ ಪಟ್ಟಿಯನ್ನು ಹಳ್ಳಿಯ ಸಾವಿಗೆ ಔಷಧಿ ಎಂದು ಮಾರಬೇಡಿ. ಮುಂದಿನ ಸಲ ಯಾರಾದರೂ ಹೊಸ ತೋಟಾ ಹೊಗಳಿದರೆ ಇಷ್ಟು ಕೇಳಿ: ಇದೇ ಗುಂಡನ್ನು ಹಳೆಯ ತೋಟಾದಲ್ಲಿ ಕೂರಿಸಿದರೆ ಏನಾಗುತ್ತದೆ? ನೂರು ಮೀಟರೊಳಗೆ ವ್ಯತ್ಯಾಸವೆಷ್ಟು? ಹತ್ತು ವರ್ಷದ ನಂತರ ಈ ತೋಟಾ ಸಿಗುತ್ತದೆಯೇ? ಗುರಿ ತಪ್ಪಿದರೆ ಗುಂಡು ಎಲ್ಲಿ ನಿಲ್ಲುತ್ತದೆ? ನಾಲ್ಕಕ್ಕೂ ನೇರ ಉತ್ತರ ಕೊಟ್ಟವರನ್ನು ಮಾತ್ರ ನಂಬಿ.

ನಂಜನಗೂಡು, ತಿ. ನರಸೀಪುರದವರಿಗೆ ಕೊನೆಯ ಮಾತು. ಆ ನಾಲ್ಕು ಸಾವುಗಳಲ್ಲಿ ಒಂದನ್ನೂ ಜಗತ್ತಿನ ಯಾವ ತೋಟಾವೂ ತಡೆಯುತ್ತಿರಲಿಲ್ಲ, ಯಾಕೆಂದರೆ ಆ ಕ್ಷಣದಲ್ಲಿ ಅಲ್ಲಿ ಕೋವಿ ಹಿಡಿದವನು ಯಾರೂ ಇರಲಿಲ್ಲ. ಮುಂದಿನ ಸಾವಿನ ಹೊತ್ತಿನಲ್ಲೂ ಇರುವುದಿಲ್ಲ. ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ರೈಫಲ್ ಕೇಳಬೇಡಿ. ಹಗಲಿನ ತ್ರೀಫೇಸ್ ಕೇಳಿ, ಬೀದಿಗೆ ದೀಪ ಕೇಳಿ, ತ್ಯಾಜ್ಯ ಸುರಿಯುವವರಿಗೆ ದಂಡ ಕೇಳಿ, ಬೋನು ಮತ್ತು ಪಶುವೈದ್ಯರನ್ನು ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ. ಬರೆಯಲು ಒಪ್ಪದ ಸಭೆಯಿಂದ ಎದ್ದು ಹೋಗಬೇಡಿ.